ಸೂಪರ್‌ವೈಜರ್ ಹೆಗಲ ಟವಲು
ಮಳವಳ್ಳಿಯ ಕರೆಂಟು ಸೂಪರ್‌ವೈಜರ್ ಯೋಗಾನರಸಿಂಹಯ್ಯನವರ ಕೈಯಲ್ಲಿ ಮೀಟರಿನ ಪೆಟ್ಟಿಗೆ, ಜೇಬಿನಲ್ಲಿ ಲೆಕ್ಕದ ಪುಸ್ತಕ, ಹೆಗಲ ಮೇಲೆ ಸದಾ ಒಂದು ಒಣ ಟವಲು. ಯುದ್ಧದಿಂದ ಸೀಮೆಎಣ್ಣೆ ಸಿಗದ ಊರಿಗೆ ದೀಪ ಹತ್ತಿದರೆ ಸಾಕಾಗಿತ್ತು. ಇವರಿಗೆ ಅದು ಲೆಕ್ಕದಲ್ಲೂ ಹತ್ತಬೇಕು. "ಇನ್ನೂರ ಮೂವತ್ತು ವೋಲ್ಟು, ಎರಡು ಆಂಪಿಯರು. ಭಾಗಿಸಿದರೆ ತಡೆ ನೂರ ಹದಿನೈದು ಓಮು, ಗುಣಿಸಿದರೆ ಶಕ್ತಿ ನಾನೂರ ಅರವತ್ತು ವಾಟು" ಎಂದು ಇಸ್ತ್ರಿಪೆಟ್ಟಿಗೆಯ ಜಾತಕ ಓದಿದ ಮೇಲೆಯೇ ಅದಕ್ಕೆ ಬಟ್ಟೆ ಮುಟ್ಟುವ ಯೋಗ. ಸ್ವಿಚ್ಚಿಗೆ ಯಾರು ಕೈ ಚಾಚಿದರೂ ಮೊದಲು ಟವಲು ಕೊಡುತ್ತಾರೆ, ಬೆರಳ ಸಂದಿಯನ್ನೂ ಒರೆಸಿಕೊಳ್ಳುವವರೆಗೆ ಬಿಡುವುದಿಲ್ಲ. "ದೀಪ ಅಚ್ಚಾಕೂ ಮಡಿಯಾ ಸ್ವಾಮೀ?" ಎಂದು ಅಕ್ಕಿ ಗಿರಣಿಯ ಚಿಕ್ಕಬೋರಯ್ಯ ಕೇಳಿದ್ದೇ ತಡ, ಊರೆಲ್ಲ ಅದನ್ನು ಮಡಿಯೆಂದೇ ನಂಬಿತು; ಅವರೂ ಅಲ್ಲವೆನ್ನಲಿಲ್ಲ. ಮೊನ್ನೆ ಆ ಲೆಕ್ಕದ ಪುಸ್ತಕವನ್ನು ನಮ್ಮ ಜಗುಲಿಯಲ್ಲಿ ಮರೆತು ಹೋಗಿದ್ದರು. ಕೊನೆಯ ಪುಟದ ನೆತ್ತಿಯಲ್ಲಿ, ಹೋದ ಮಳೆಗಾಲ ಇವರು ಹತ್ತು ಎಂದದ್ದಕ್ಕೆ ಕಂಬ ಹತ್ತಿ ಕರೆಂಟು ಹೊಡೆದು ತೀರಿಕೊಂಡ ಲೈನ್‌ಮನ್ ಲಿಂಗಯ್ಯನ ಹೆಸರು. ಅದರ ಕೆಳಗೆ: ಇನ್ನೂರ ಮೂವತ್ತು ವೋಲ್ಟು, ಒದ್ದೆ ಕೈಯ ತಡೆ ಸಾವಿರ ಓಮು; ಜೀವ ಹೋಗಲು ಆಂಪಿಯರಿನ ಹತ್ತರಲ್ಲೊಂದು ಪಾಲು ಸಾಕು. ಭಾಗಾಕಾರವನ್ನು ಏಳು ಸಲ ಮಾಡಿದ್ದಾರೆ. ಏಳು ಸಲವೂ ಉತ್ತರ ಒಂದೇ.