ಕೆಲಸವಿಲ್ಲದೆ ತೆರೆದ ದಾಖಲೆ

ವೆರ್ಣಾದ ಔಷಧಿ ಕಾರ್ಖಾನೆಯ ಬಸ್ಸು ಝುವಾರಿನಗರದ ನಾಕಾಕ್ಕೆ ಬಂದರೆ ಜಯಶ್ರೀ ಹತ್ತಿ ಎಡಗಡೆಯ ಮೂರನೇ ಸೀಟಿನಲ್ಲಿ ಕಿಟಕಿ ಪಕ್ಕ ಕೂರುತ್ತಾಳೆ. ಅವಳ ಪಕ್ಕದ ಜಾಗ ವೆರ್ಣಾದವರೆಗೂ ಖಾಲಿ. ಹಿಂದೆ ಮಂದಿ ಕಂಬಿ ಹಿಡಿದು ಜೋತಾಡುತ್ತ ನಿಂತಿದ್ದರೂ ಖಾಲಿ. ಜಾತಿ ಗೀತಿ ಏನಲ್ಲ, ಅವಳ ಕೆಲಸವೇ ಅಂಥದ್ದು.

ಆ ಕೆಲಸ ಏನೆಂಬುದು ಅವಳ ತಾಯಿ ಸಾವಂತ್ರೆವ್ವನಿಗೂ ಕೊನೆತನಕ ಸರಿಯಾಗಿ ತಿಳಿಯಲಿಲ್ಲ. "ನನ್ನ ಮಗಳು ಕಂಪ್ಯೂಟರ್ ಕಾಯ್ತಾಳ" ಎಂದು ಓಣಿಯವರಿಗೆ ಹೇಳುತ್ತಿದ್ದಳು. ಮುದುಕಿ ಹೇಳಿದ್ದು ತಪ್ಪೇನಲ್ಲ. ಕಾರ್ಖಾನೆಯ ಎರಡು ಸಾವಿರ ಚಿಲ್ಲರೆ ಜನರ ಹೆಸರು, ಫೋನು, ರಕ್ತದ ಗುಂಪು, ಹಾಜರಿ ಎಲ್ಲ ಒಂದು ಡೇಟಾಬೇಸಿನಲ್ಲಿದೆ. ಮೂರು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಅದರಿಂದ ಹೆಣ್ಣುಮಕ್ಕಳ ನಂಬರು ಕದ್ದು ಊರೆಲ್ಲ ಹಂಚಿದ. ಬರಬಾರದ ಕರೆಗಳು ಬಂದವು, ರಂಪ ಆಯಿತು. ಆಮೇಲೆ ಕಂಪನಿಗೆ ಬುದ್ಧಿ ಬಂದು, ಯಾರು ಯಾವ ಯಂತ್ರದಿಂದ ಯಾರ ದಾಖಲೆ ತೆರೆದರು, ಏನು ತಿದ್ದಿದರು ಎಂಬುದನ್ನೆಲ್ಲ ಬರೆದಿಡುವ ಸಾಫ್ಟ್‌ವೇರು ತರಿಸಿದರು. ಅದಕ್ಕೋ ಸ್ವಂತ ಬುದ್ಧಿ ಇಲ್ಲ. ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ಒಬ್ಬರು ಹೇಳಿಕೊಡಬೇಕು. ಹೇಳಿಕೊಡುವುದಕ್ಕೆ ರೂಲು ಎನ್ನುತ್ತಾರೆ, ಅದರ ಕೂಗಿಗೆ ಅಲರ್ಟು. ಡಿಪ್ಲೊಮಾ ಮಾಡಿಕೊಂಡು ಕಂಪ್ಯೂಟರ್ ರೂಮಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದ ಜಯಶ್ರೀಯ ಪಾಲಿಗೆ ಅದು ಬಂತು.

ಮೊದಲ ದಿನದ ಫಜೀತಿ ಹೇಳಲೇಬೇಕು. ಯಾರೇ ಯಾರ ದಾಖಲೆ ಓದಿದರೂ ಅಲರ್ಟು ಹೋಗಲಿ ಎಂದು ಒಂದೇ ರೂಲು ಬರೆದು ಕೈ ಒರೆಸಿಕೊಂಡಳು. ಮಧ್ಯಾಹ್ನದೊಳಗೆ ಮೇಲಧಿಕಾರಿ ಮೋತಿಲಾಲ ಸಾಹೇಬರ ಮೊಬೈಲಿಗೆ ನಾಲ್ಕು ಸಾವಿರ ಅಲರ್ಟು. ಕ್ಯಾಂಟೀನಿನಲ್ಲಿ ಊಟಕ್ಕೆ ಕಾರ್ಡು ತೋರಿಸಿದಾಗೆಲ್ಲ ಅಲ್ಲಿನ ಯಂತ್ರ ಆ ಮನುಷ್ಯನ ದಾಖಲೆ ಓದುತ್ತದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. "ಇಡೀ ಕಾರ್ಖಾನೆ ಉಂಡಿದ್ದು ಗೊತ್ತಾಯಿತು, ಇನ್ನು ಕಳ್ಳನನ್ನು ತೋರಿಸು" ಎಂದರು ಸಾಹೇಬರು ಹಿಂದಿಯಲ್ಲಿ.

ಕ್ರಮೇಣ ಕೈ ಪಳಗಿತು. ಕ್ಯಾಂಟೀನಿನ ಯಂತ್ರವನ್ನು ಬಿಟ್ಟಳು, ಹಾಜರಿ ಗುಮಾಸ್ತರನ್ನು ಅವರ ಕೆಲಸದ ಹೊತ್ತಿನಲ್ಲಿ ಮಾತ್ರ ಬಿಟ್ಟಳು. ಚಿಕ್ಕ ತಪ್ಪಾದರೆ ಅಲರ್ಟು ತನಗೊಬ್ಬಳಿಗೇ ಬರಲಿ, ತಿಂಗಳಲ್ಲಿ ಹತ್ತು ಸಲ ಆದರೆ ಸಾಹೇಬರಿಗೆ ಹೋಗಲಿ ಎಂದು ಇಟ್ಟಳು. ಆರು ತಿಂಗಳಲ್ಲಿ ಇಬ್ಬರು ಸಿಕ್ಕಿಬಿದ್ದು ಮನೆಗೆ ಹೋದರು. ಅಷ್ಟೇ ನೋಡಿ, ಕಂಪ್ಯೂಟರ್ ರೂಮಿನಾಕೆಗೆ ಎಲ್ಲ ಕಾಣುತ್ತದೆ, ಬಸ್ಸಿನಲ್ಲಿ ಮಾತಾಡಿದ್ದೂ ಸಾಹೇಬರ ಕಿವಿಗೆ ಬೀಳುತ್ತದೆ ಎಂದು ಸುದ್ದಿ ಹಬ್ಬಿತು. ಅವಳು ಹತ್ತಿದರೆ ಬಸ್ಸಿನಲ್ಲಿ ಮಾತು ನಿಲ್ಲುತ್ತಿತ್ತು. ಈ ಪರನಾಡಿನಲ್ಲಿ ತಮ್ಮದೇ ಓಣಿಯವಳು, ತಮ್ಮದೇ ಕನ್ನಡ ಆಡುವವಳು ಎಂದು ಇನ್ನೂ ಹೆಚ್ಚು ಸಿಟ್ಟು.

ಅಪ್ಪ ಮಾನಪ್ಪ ಬಂದರಿನಲ್ಲಿ ಅದಿರು ತುಂಬಿ ತುಂಬಿ ಎದೆ ಕೆಟ್ಟು ಎಂದೋ ಹೋಗಿದ್ದ. ತಮ್ಮ ಪರಶು ಉಸಗಾಂವದಲ್ಲಿ ಟಿಪ್ಪರ್ ಓಡಿಸುತ್ತ ಅಲ್ಲೇ ಸಂಸಾರ ಹೂಡಿದ್ದ. ಹೋದ ವರ್ಷ ಸಾವಂತ್ರೆವ್ವನೂ ತೀರಿಕೊಂಡ ಮೇಲೆ ಒಂದು ಖೋಲಿಯ ಮನೆ, ಒಂದು ಒಲೆ, ಒಬ್ಬಳೇ ಜಯಶ್ರೀ. ಮೂವತ್ತೆಂಟು ವಯಸ್ಸು. ರವಿವಾರ ಅವಳ ಬಾಯಿಂದ ಒಂದು ಮಾತು ಹೊರಬೀಳದೆ ದಿನ ಮುಳುಗುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು, ಅತ್ತು ಮುಗಿಸಿ ಸೋಮವಾರ ಬಸ್ಸು ಹತ್ತುತ್ತಿದ್ದಳು.

ಈ ಸಲ ಮಳೆಗಾಲ ಮುಗಿದ ಮೇಲೆ ಕಾರ್ಖಾನೆಯ ದವಾಖಾನೆಗೆ ಒಂದು ರೂಲು ಬರೆದಳು. ಯಾರಿಗಾದರೂ ಪೆಟ್ಟಾದರೆ ರಕ್ತದ ಗುಂಪು, ಮನೆಯವರ ನಂಬರು ನೋಡಲೆಂದು ದವಾಖಾನೆಗೊಂದು ಲಾಗಿನ್ ಕೊಟ್ಟಿದ್ದರು. ಕೇಸು ಬರೆಯದೆ ದಾಖಲೆ ತೆರೆದರೆ ಅಲರ್ಟು, ಇದು ರೂಲು. ಸೋಮವಾರ ಚಾಲೂ ಮಾಡಿದಳು. ಅವತ್ತೇ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಬಂತು. ಮಂಗಳವಾರ ಅದೇ ಹೊತ್ತಿಗೆ ಇನ್ನೊಂದು. ಬುಧವಾರ ಮೂರನೆಯದು. ಕೇಸಿಲ್ಲ, ತಿದ್ದಿದ್ದಿಲ್ಲ. ಒಂದೇ ದಾಖಲೆ, ಐದಾರು ಸೆಕೆಂಡು ತೆರೆದು ಮುಚ್ಚಿದ್ದು. ಯಾರದೆಂದು ನೋಡಿದರೆ ಅವಳದೇ.

ಜಯಶ್ರೀ ಸಾಫ್ಟ್‌ವೇರು ಬರೆದಿಟ್ಟ ಹಳೆಯ ಲೆಕ್ಕ ತೆಗೆದು ನೋಡಿದಳು. ಜುಲೈಯಿಂದ ಕೆಲಸದ ಒಂದು ದಿನವೂ ತಪ್ಪದೆ ಯಾರೋ ಅವಳ ದಾಖಲೆ ನೋಡುತ್ತಿದ್ದಾರೆ. ಆ ಲಾಗಿನ್ ಬಳಸುವವರು ಇಬ್ಬರು. ಒಬ್ಬಳು ಆಯಾ ಖುರ್ಷಿದಾಬೇಗಂ, ಐವತ್ತು ದಾಟಿದ ಹೆಂಗಸು, ವಾಸ್ಕೋ ಕಡೆಯ ಬಸ್ಸಿಗೆ ಬರುವವಳು. ಜುಲೈಯಲ್ಲಿ ಜ್ವರ ಬಂದು ದವಾಖಾನೆಯಲ್ಲಿ ಮಲಗಿದ್ದಾಗ ಅವಳೇ ಗುಳಿಗೆ ಕೊಟ್ಟು ತಲೆಗೆ ತಣ್ಣೀರು ಬಟ್ಟೆ ಹಾಕಿದ್ದಳು. ಇನ್ನೊಬ್ಬ ಅಂಬ್ಯುಲೆನ್ಸ್ ಓಡಿಸುವ ಮಜರ. ಗೇಟಿನ ಹತ್ತಿರ ಒಮ್ಮೆ ಅವಳನ್ನು ನೋಡಿ ಹಲ್ಲು ಕಿರಿದಿದ್ದ.

ಅವನೇ, ಮತ್ತಿನ್ನಾರು ಎಂದು ಅವಳ ಮನಸ್ಸು ನಿಶ್ಚಯ ಮಾಡಿತು. ಒಬ್ಬಳೇ ಇರುವ ಹೆಂಗಸಿನ ಫೋನು, ವಿಳಾಸ ಅದರಲ್ಲಿದೆ. ಅವತ್ತು ಖೋಲಿಗೆ ಹೋಗಿ ಚಿಲಕದ ಮೇಲೆ ಚಿಲಕ ಹಾಕಿದಳು. ದವಾಖಾನೆ ಇನ್ನೂರು ಹೆಜ್ಜೆ ದೂರ. ಎದ್ದು ಹೋಗಿ ಖುರ್ಷಿದಾಬೇಗಂಳನ್ನು ಒಂದು ಮಾತು ಕೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕೇಳುವ ರೂಢಿಯೇ ತಪ್ಪಿಹೋಗಿತ್ತಲ್ಲ! ಯಾರ ಬಗ್ಗೆ ಏನು ತಿಳಿಯಬೇಕಾದರೂ ಪರದೆ ನೋಡಿ ನೋಡಿ, ಮನುಷ್ಯರ ಹತ್ತಿರ ಹೋಗಿ ನಿಲ್ಲುವುದೇ ಅವಳಿಗೆ ಮರೆತಿತ್ತು. ಗುರುವಾರ ಬೆಳಿಗ್ಗೆ ಬಂದವಳೇ ರೂಲು ತೆರೆದು, ಹತ್ತು ಎಂದಿದ್ದನ್ನು ನಾಲ್ಕು ಮಾಡಿ ಉಳಿಸಿದಳು. ಒಂಬತ್ತೂವರೆಗೆ ನಾಲ್ಕನೆಯ ಅಲರ್ಟು ನೆಟ್ಟಗೆ ಸಾಹೇಬರಿಗೆ ಹೋಯಿತು.

ಹನ್ನೊಂದಕ್ಕೆ ಸಾಹೇಬರು ಅವಳನ್ನು ಕರೆಸಿದರು. ಒಳಗೆ ಹೋದರೆ ಮೇಜಿನ ಮುಂದೆ ಸೆರಗು ತಲೆ ಮೇಲೆ ಎಳೆದುಕೊಂಡು ನಿಂತವಳು ಖುರ್ಷಿದಾಬೇಗಂ. ಮಜರ ವಾರದಿಂದ ರಜೆಯಲ್ಲಿದ್ದನಂತೆ.

"ಈಕೆಯ ದಾಖಲೆ ಯಾಕೆ ತೆರೆಯುತ್ತಿದ್ದೆ?" ಎಂದು ಸಾಹೇಬರು ಕೇಳಿದರು.

ಖುರ್ಷಿದಾಬೇಗಂ ಅವರಿಗೆ ಉತ್ತರ ಕೊಡಲಿಲ್ಲ, ಜಯಶ್ರೀಯ ಕಡೆ ತಿರುಗಿದಳು. "ತಂಗಿ, ಆವತ್ತ ಜ್ವರದಾಗ ನೀ ಏನಂದಿ, ನೆನಪೈತೇನು? ಎರಡ ದಿನ ಬಾಗಲಾ ಹಾಕ್ಕೊಂಡ ಬಿದ್ದಿದ್ದೆ, ಯಾರೂ ಬಡೀಲಿಲ್ಲ ಅಂದಿ. ನಿನ್ನ ಮನಿಯವ್ರ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್. ಆಮ್ಯಾಗ ತಿಳೀತು, ಅದು ನಿಮ್ಮವ್ವಂದು, ಆಕೀನ ಇಲ್ಲಂತ."

ಕನ್ನಡ ತಿಳಿಯದ ಸಾಹೇಬರು ಇಬ್ಬರ ಮುಖವನ್ನೂ ನೋಡಿದರು.

"ದಾಖ್ಲೆ ತಗದ್ರ ಮ್ಯಾಲ ಹಾಜರಿ ಕಾಣತೈತಿ. ಹಸರು ಬಣ್ಣ ಇದ್ರ ಬಂದೀ ಅಂತ ತಿಳಕೊಂಡು ಮುಚ್ಚತಿದ್ದೆ. ಒಂದಿನಾ ಹಸರು ಬರಲಿಲ್ಲಂದ್ರ ಝುವಾರಿನಗರದ ಮಂದೀನ ಯಾರನ್ನರ ನಿನ್ನ ಮನಿಗೆ ಓಡಸಬೇಕಂತ ಮಾಡಿದ್ದೆ. ಮತ್ತೇನೂ ನೋಡಿಲ್ಲವ್ವಾ, ಖುದಾನ ಆಣಿ."

"ನನ್ನ ಕೇಳಬೇಕಾಗಿತ್ತಲ್ರಿ, ಅಕ್ಕಾ" ಎಂದಳು ಜಯಶ್ರೀ.

"ಏನಂತ ಕೇಳ್ಲಿ? ಸತ್ತಿಯೋ ಬದಕೀಯೋ ಅಂತ ದಿನಾ ಕೇಳಾಕಾಗತೈತೇನು?"

ಜಯಶ್ರೀ ಸಾಹೇಬರಿಗೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದಳು. ತನ್ನದೇ ದಾಖಲೆ, ತನಗೆ ಯಾವ ತಕರಾರೂ ಇಲ್ಲ, ಅಲರ್ಟು ಮುಚ್ಚಿಬಿಡುತ್ತೇನೆ ಎಂದಳು. ಮೂರು ಸಲ ಹೇಳಿದಳು, ಕೈ ಮುಗಿದಳು. ಸಾಹೇಬರು ಕೆಟ್ಟವರೇನಲ್ಲ, ಪೂರ್ತಿ ಕೇಳಿಸಿಕೊಂಡರು.

"ದಾಖಲೆ ನಿನ್ನದಲ್ಲ, ಕಂಪನಿಯದು" ಎಂದರು. "ಹಿಂದೆ ಇಬ್ಬರನ್ನು ಕಳಿಸಿದ್ದೇವೆ. ಇವಳನ್ನು ಬಿಟ್ಟರೆ ಅವರು ಬಂದು ಕೇಳುವುದಿಲ್ಲವೇ? ನನ್ನ ಹತ್ತಿರ ಬಂದಿದ್ದು ಮೇಲಕ್ಕೂ ಹೋಗಿದೆ. ನಾಲ್ಕಕ್ಕೆ ಇಳಿಸಿದ್ದು ನೀನೇ ಅಲ್ಲವೇ?"

ಅದು ನಿಜವೇ ಆಗಿತ್ತು. ಖುರ್ಷಿದಾಬೇಗಂ ಗುತ್ತಿಗೆಯ ಆಳು, ಬಿಡಿಸಲು ಕಾಗದಪತ್ರವೂ ಹೆಚ್ಚು ಬೇಕಿರಲಿಲ್ಲ. ಊಟದ ಹೊತ್ತಿಗೆ ಕಾರ್ಡು ಕೊಟ್ಟು ಗೇಟು ದಾಟಿದಳು. ಜಯಶ್ರೀ ಓಡಿಬರುವಷ್ಟರಲ್ಲಿ ಹೈವೇಯಲ್ಲಿ ಯಾವುದೋ ಬಸ್ಸು ಹತ್ತಿ ಹೋಗಿಬಿಟ್ಟಿದ್ದಳು.

ವಾಸ್ಕೋದಲ್ಲಿ ಎಲ್ಲಿ ಎಂದು ಕೇಳಿದರೆ ದವಾಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರೂ ಜಯಶ್ರೀಗೆ ಹೇಳುವುದುಂಟೇ? ಎರಡು ದಿನ ನೋಡಿದಳು. ಶನಿವಾರ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಎದ್ದು ಹೋದಾಗ, ತನಗೆ ತೆರೆಯುವ ಅಧಿಕಾರವಿಲ್ಲದ ಗುತ್ತಿಗೆಯವರ ಪಟ್ಟಿಯಲ್ಲಿ ಖುರ್ಷಿದಾಬೇಗಂ ಎಂದು ಹುಡುಕಿ ದಾಖಲೆ ತೆರೆದಳು. ಇದು ಚಿಕ್ಕ ತಪ್ಪಲ್ಲ, ತಾನೇ ಬರೆದ ರೂಲು ಮೊದಲ ಸಲಕ್ಕೇ ತನ್ನ ಹೆಸರು ಹಿಡಿದು ಸಾಹೇಬರಿಗೆ ಕಳಿಸುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೋದರೆ ಹೋಗಲಿ ಎಂದುಕೊಂಡಳು. ಆ ಹೆಂಗಸಿಗೆ ತಪ್ಪಾಯಿತು ಎಂದು ಹೇಳದೆ ಇನ್ನೊಂದು ರವಿವಾರ ಆ ಖೋಲಿಯಲ್ಲಿ ಕೂರಲು ಅವಳಿಂದ ಆಗುತ್ತಿರಲಿಲ್ಲ.

ನಂಬರು ಅಂಗೈ ಮೇಲೆ ಬರೆದುಕೊಂಡು ಹೊರಗೆ ಬಂದು ಫೋನು ಹಚ್ಚಿದಳು. ಎತ್ತಿದ್ದು ಒಬ್ಬ ಗಂಡಸು.

"ಯಾರ್ರಿ?"

"ಖುರ್ಷಿದಾಬೇಗಂ ಅವ್ರಿಗೆ ಕೊಡ್ರಿ."

"ಇದು ಠೇಕೇದಾರ ದಾವಲಮಲಿಕನ ನಂಬರ್ರಿ. ನನ್ನ ಕಡೆ ಮಂದೀದೆಲ್ಲಾ ಇದ ನಂಬರ ಬರಸೀನಿ. ಎಲ್ರ ಕಡೆ ಫೋನ ಎಲ್ಲಿರತೈತ್ರಿ?"

ನಾನೂರು ಗುತ್ತಿಗೆ ಆಳುಗಳಿಗೆ ಒಂದೇ ನಂಬರು! ಇಷ್ಟು ವರ್ಷ ಆ ದಾಖಲೆಗಳನ್ನು ಕಾಯ್ದವಳು ಅವಳು, ಅದರೊಳಗೆ ಏನಿದೆ ಎಂದು ನೋಡಿರಲಿಲ್ಲ. "ಅವ್ರ ಮನಿ ಎಲ್ಲೈತಿ ಅನ್ನೋದರ ಹೇಳ್ರಿ" ಎಂದಳು.

"ಮನಿ ಖಾಲಿ ಮಾಡಿ ನಿನ್ನೇನ ಊರಿಗೆ ಹೋದ್ಲಂತ್ರಿ. ಯಾವೂರೋ ಯಾರಿಗ್ಗೊತ್ತು, ವಿಜಾಪುರದ ಕಡೆ ಅಂತಿದ್ಲು. ಫೋನ್ಗೀನ್ ಹಚ್ಚಿದ್ರ ಹೇಳ್ತೀನಿ. ನಿಮ್ಮ ಹೆಸರೇನ್ರಿ?"

"ಜಯಶ್ರೀ ಅಂತ. ಕಂಪ್ಯೂಟರ್ ರೂಮಿನಾಕಿ."

"ಆಕೀನ ಕೆಲಸದಿಂದ ತಗಸಿದಾಕಿ ನೀವೇನ್ರಿ?"

"ಹೌದ್ರಿ" ಎಂದಳು ಜಯಶ್ರೀ. "ನಾನ."

ದಾವಲಮಲಿಕ ಫೋನು ಇಟ್ಟುಬಿಟ್ಟ.