ಗುಡುಗಿಗೆ ಮೊದಲು ಎಷ್ಟು ಹೆಸರು

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಂಡರೆ ಸಿಡಿಲು ಬಡಿಯುವುದಿಲ್ಲ ಎಂದು ಅರಸೀಕೆರೆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ಮಜ್ಜಿಗೆ ಮಾರುವ ರಂಗಮ್ಮನೂ ಹೇಳುತ್ತಾಳೆ. ಆದರೆ ಉಳಿದವರು ಗುಡುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದರೆ, ಇವಳು ಮಿಂಚಿದ ಕೂಡಲೇ ಕಣ್ಣು ಬಿಟ್ಟುಕೊಂಡು ಶುರುಮಾಡುತ್ತಾಳೆ. ಗುಡುಗು ಎಷ್ಟನೆಯ ಹೆಸರಿಗೆ ಬಂತು ಎಂಬುದೇ ಅವಳಿಗೆ ಮುಖ್ಯ.

ಈ ವಿದ್ಯೆಯನ್ನು ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಹನ್ನೆರಡರ ಹುಡುಗಿಯಾಗಿದ್ದಾಗ ತಮ್ಮ ಲಕ್ಷ್ಮೀಶನ ಜೊತೆ ಕುರಿ ಮೇಯಿಸಲು ಹೋಗಿದ್ದಳು. ಮೋಡ ಕವಿಯಿತು. ತಮ್ಮ ಓಡಿಹೋಗಿ ಹುಣಸೆಮರದ ಬುಡ ಸೇರಿದ. ಇವಳು ತಪ್ಪಿಸಿಕೊಂಡ ಮರಿಯನ್ನು ಹಿಡಿಯಲು ಹಳ್ಳಕ್ಕೆ ಇಳಿದಳು. ಇಬ್ಬರೂ ಕೂಗಿ ಕೂಗಿ ಹೆಸರು ಹೇಳುತ್ತಿದ್ದರು. ಮೊದಲು ಒಂಬತ್ತನೆಯ ಹೆಸರಿಗೆ ಗುಡುಗಿತು, ಆಮೇಲೆ ಐದಕ್ಕೆ, ಆಮೇಲೆ ಎರಡಕ್ಕೆ. ಮುಂದಿನ ಸಲ ಹೆಸರು ಬಾಯಿಗೆ ಬರುವ ಮೊದಲೇ ಲೋಕವೆಲ್ಲ ಬೆಳ್ಳಗಾಯಿತು. ತಮ್ಮನ ದನಿ ನಿಂತುಹೋಯಿತು. ಆ ಸಂಕಟ ಇಂದಿಗೂ ಆರಿಲ್ಲ. ಆದರೆ ಸಿಡಿಲು ಹೆಚ್ಚಿನ ಸಲ ಹೇಳಿಯೇ ಬರುತ್ತದೆ, ಕೇಳುವ ಕಿವಿ ನಮಗಿರಬೇಕು ಎಂದು ಅವಳಿಗೆ ಅವತ್ತೇ ಗೊತ್ತಾಯಿತು.

ಹತ್ತು ಹೆಸರನ್ನು ನಿಧಾನವಾಗಿ ಮೂರು ಸುತ್ತು ಹೇಳಿ ಮುಗಿಸುವುದರೊಳಗೆ ಗುಡುಗಿದರೆ ರಂಗಮ್ಮ ಮಡಕೆ ಎತ್ತಿದಳೆಂದೇ ಲೆಕ್ಕ. ಎದುರಿಗೆ ಸಿಕ್ಕವರನ್ನೆಲ್ಲ ಕುರಿ ಅಟ್ಟಿದ ಹಾಗೆ ಕೆಳಕ್ಕೆ ಅಟ್ಟುತ್ತಾಳೆ. ಮರದ ಬುಡಕ್ಕೆ ನುಗ್ಗುವವರನ್ನು ರಟ್ಟೆ ಹಿಡಿದು ಎಳೆಯುತ್ತಾಳೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಯಾರನ್ನೂ ಹತ್ತಗೊಡುವುದಿಲ್ಲ. ಮೂವತ್ತು ವರ್ಷದಲ್ಲಿ ಅವಳನ್ನು ಬೈದವರಿದ್ದಾರೆ, ನಕ್ಕವರಿದ್ದಾರೆ. ಅವಳ ಮಾತು ಕೇಳಿ ಕೆಟ್ಟವರು ಮಾತ್ರ ಯಾರೂ ಇಲ್ಲ.

ಊರಿಗೆಲ್ಲ ಬುದ್ಧಿ ಹೇಳುವವಳ ಮಾತು ಕಟ್ಟಿಕೊಂಡ ಗಂಡನಿಗೆ ಮಾತ್ರ ನಾಟುತ್ತಿರಲಿಲ್ಲ. ತಿಮ್ಮಯ್ಯ ದಾಸಯ್ಯ. ಹರಕೆ ಹೊತ್ತವರ ಮುಂದೆ ಶಂಖ ಊದುತ್ತಾ, ಗರುಡಗಂಬ ಹಿಡಿದು ಬೆಟ್ಟ ಹತ್ತುವುದು ಅವನ ಕೆಲಸ. ಗರುಡಗಂಬವೆಂದರೆ ತುದಿಯಲ್ಲಿ ದೀಪ ಉರಿಯುವ ಹಿತ್ತಾಳೆಯ ಕಂಬ. ಬೆಟ್ಟದ ಬುಡದಲ್ಲಿ ಹೊತ್ತಿಸಿದ ಮೇಲೆ ತುದಿಯ ಗುಡಿಯ ಸ್ವಾಮಿಯ ಬಾಗಿಲು ಸೇರುವವರೆಗೆ ಅದನ್ನು ನೆಲಕ್ಕೆ ಇಡಬಾರದು, ಇಟ್ಟರೆ ಹರಕೆ ಮುರಿದಂತೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಹೋದ ವರ್ಷ ಭರಣಿ ಮಳೆಯ ಕಾಲ. ಶನಿವಾರ ಮಧ್ಯಾಹ್ನ ಹಗರೆಯ ರಾಮಣ್ಣನ ಮನೆಯವರು ಹರಕೆ ತೀರಿಸಲು ಬಂದಿದ್ದರು. ಮುಂದೆ ತಿಮ್ಮಯ್ಯ, ಹಿಂದೆ ಅವರು. ರಂಗಮ್ಮ ಕೂರುವ ತಿರುವಿಗೆ ಬರುವಷ್ಟರಲ್ಲಿ ಪಡುವಣದಲ್ಲಿ ಮಿಂಚಿತು. ಎರಡು ಸುತ್ತು ಮುಗಿದು ನಾಲ್ಕು ಹೆಸರಾಗುವಾಗ ಗುಡುಗಿತು.

“ಸಾಕು, ನಿಲ್ರಿ. ಇಳೀರಿ ಕೆಳಕ್ಕೆ,” ಎಂದಳು ರಂಗಮ್ಮ.

“ಮಳೆ ಇನ್ನೂ ಎಲ್ಲೋ ಐತೆ ಕಣೇ,” ಎಂದು ತಿಮ್ಮಯ್ಯ ಅವಳನ್ನು ದಾಟಿ, ಒಂದು ಗಿಡವೂ ಇಲ್ಲದ ಬೋಳು ಬಂಡೆಯ ಮೇಲೆ ಕಾಲಿಟ್ಟ. ಹರಕೆಯವರೂ ಹಿಂದೆ ಹೋದರು.

ರಂಗಮ್ಮ ಮಡಕೆಯನ್ನು ಸೊಂಟಕ್ಕೇರಿಸಿ ಓಡಿದಳು. ಮತ್ತೆ ಮಿಂಚಿತು. ಏಳನೆಯ ಹೆಸರಿಗೇ ಗುಡುಗು. ಗಂಡ ಎತ್ತಿ ಹಿಡಿದ ಹಿತ್ತಾಳೆ ಕಂಬ ಆ ಬಂಡೆಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಹುಣಸೆಮರದ ಬುಡ ಅವಳ ಕಣ್ಣಿಗೆ ಕಟ್ಟಿತು.

“ಇಟ್ಬುಡ್ರಿ ಅದ್ನ! ನಿಮ್ಮ ಕಾಲಿಗೆ ಬೀಳ್ತೀನಿ.”

“ದೀಪಾನ ನೆಲಕ್ಕಿಟ್ಟ ಮೇಲೆ ನಾನ್ಯಾವ ದಾಸಯ್ಯ? ಸತ್ರೂ ಇಡಾಕಿಲ್ಲ.”

“ಹರಕೆ ಕೆಟ್ಟೋಯ್ತದೆ ಕಣಕ್ಕಾ,” ಎಂದು ರಾಮಣ್ಣನೂ ದನಿಗೂಡಿಸಿದ.

ರಂಗಮ್ಮ ಮಡಕೆಯನ್ನು ಸೊಂಟದಿಂದ ಇಳಿಸಿದಳು. ಮಡಕೆಯ ಮಜ್ಜಿಗೆಯನ್ನೆಲ್ಲ ಬಂಡೆಯ ಮೇಲೆ ಸುರಿದಳು. ಒಳಗೆಲ್ಲ ಸೆರಗಿನಿಂದ ಒರೆಸಿ, ಬರಿದಾದ ಮಡಕೆಯನ್ನು ಗಂಡನ ಮುಂದೆ ಹಿಡಿದಳು.

“ನೆಲ ಮುಟ್ಟಬಾರದ್ದು ದೀಪ ತಾನೆ? ದೀಪ ನನ್ನ ಕೈಗೆ ಕೊಡಿ, ಕಂಬ ಮಲಗಲಿ. ಮಡಕೇಲಿ ಬಂದ್ರೆ ಸ್ವಾಮಿ ಬ್ಯಾಡ ಅಂತಾನಾ?”

ತಿಮ್ಮಯ್ಯ ಅವಳ ಮುಖ ನೋಡಿದ. ಅಷ್ಟರಲ್ಲಿ ಮಿಂಚಿತು. ಈ ಸಲ ಹೆಸರುಗಳು ಅವನ ಬಾಯಿಂದಲೇ ಹೊರಟವು; ಐದಕ್ಕೆ ಗುಡುಗಿತು. ಅವನು ಉರಿಯುವ ಬತ್ತಿಯನ್ನು ಎಣ್ಣೆಯ ಸಮೇತ ಮಡಕೆಗೆ ಬಗ್ಗಿಸಿ, ಕಂಬವನ್ನು ಬಂಡೆಯ ಮೇಲೆ ಮಲಗಿಸಿದ.

ಒಬ್ಬರನ್ನೊಬ್ಬರು ಅಂಟಿಕೊಳ್ಳದೆ, ದೂರ ದೂರ ಇಳಿಯಿರಿ ಎಂದು ಕೂಗುತ್ತಾ ರಂಗಮ್ಮ ಎಲ್ಲರನ್ನೂ ಅಟ್ಟಿದಳು. ಮಳೆ ಹಿಡಿಯಿತು. ಅವಳು ಮಡಕೆಯ ಬಾಯಿಗೆ ಮುಚ್ಚಳ ಓರೆ ಮಾಡಿ, ಅದರ ಮೇಲೆ ಬಾಗಿಕೊಂಡೇ ಇಳಿದಳು. ಕೆಳಗೆ ನಿಂತಿದ್ದ ಹರಕೆಯವರ ಮಿನಿಬಸ್ಸಿಗೆ ಎಲ್ಲರೂ ಹತ್ತಿ ಬಾಗಿಲು ಹಾಕಿಕೊಂಡರು. ಮಡಕೆ ಅವಳ ಮಡಿಲಲ್ಲಿತ್ತು, ಒಳಗೆ ದೀಪ ಉರಿಯುತ್ತಿತ್ತು.

ಆಗ ಆಕಾಶ ಬಿರಿಯಿತು. ಬೇರು ಬಿಟ್ಟ ಬೆಳಕೊಂದು ನೆಟ್ಟಗೆ ಬೋಳು ಬಂಡೆಗೆ ಇಳಿಯಿತು. ಬೆಟ್ಟದ ಒಂದೊಂದು ಮೆಟ್ಟಿಲೂ, ತುದಿಯ ಗುಡಿಯೂ, ಸುರಿಯುವ ಹನಿಗಳೂ ಒಮ್ಮೆಗೇ ಬೆಳಗಿದವು. ಬಸ್ಸಿನ ಗಾಜುಗಳು ಗಡಗಡ ನಡುಗಿದವು. ತಮ್ಮನನ್ನು ಒಯ್ದ ಸಿಡಿಲಿನ ಮೇಲೆ ರಂಗಮ್ಮನಿಗೆ ಇಷ್ಟು ವರ್ಷವೂ ಸಿಟ್ಟಿತ್ತು. ಅಷ್ಟು ದೊಡ್ಡದರ ಮುಂದೆ ತನ್ನ ಸಿಟ್ಟು ಎಷ್ಟರದು ಎನ್ನಿಸಿತು. ತಾನಾಗಿಯೇ ಅವಳ ಕೈ ಮುಗಿಯಿತು.

ಕೊನೆಯ ಗುಡುಗು ನಿಂತು ಅರ್ಧ ಗಂಟೆ ಕಳೆದ ಮೇಲೆ ಎಲ್ಲರೂ ಮತ್ತೆ ಹತ್ತಿದರು. ಬಂಡೆಯ ಒಂದು ಚಕ್ಕೆ ಎದ್ದು ಹೋಗಿ, ಕಲ್ಲು ಹಸಿ ತೆಂಗಿನಕಾಯಿಯ ಒಳಗಿನಂತೆ ಬೆಳ್ಳಗೆ ಕಾಣುತ್ತಿತ್ತು. ಕಂಬ ಅಲ್ಲಿಂದ ಎರಡು ಮಾರು ದೂರದಲ್ಲಿ ಮಲಗಿತ್ತು. ತಿಮ್ಮಯ್ಯ ಕಲ್ಲು ಮುಟ್ಟಿದ. ಆಮೇಲೆ ಕಂಬವನ್ನು ಹೆಗಲಿಗೆ ಹಾಕಿಕೊಂಡ. ಮಡಕೆ ತನಗೆ ಕೊಡೆಂದು ಕೇಳುತ್ತಾನೇನೋ ಎಂದು ರಂಗಮ್ಮ ಕಾದಳು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

“ದೀಪ ಹಿಡಿದೋರು ಮುಂದೆ ಹೋಗ್ಬೇಕು ಕಣೇ. ನಡಿ, ನಾನು ಹಿಂದೆ ಬತ್ತೀನಿ.”

ರಂಗಮ್ಮ ಮಡಕೆ ಎತ್ತಿಕೊಂಡು ಬಂಡೆಯಾಚೆಯ ಮೊದಲ ಮೆಟ್ಟಿಲು ಹತ್ತಿದಳು. ಹಿಂದಿನಿಂದ ತಿಮ್ಮಯ್ಯ ಶಂಖ ಊದಿದ.