ಖಾಲಿ ಮಂಚದಿಂದ ಬಂದ ಸದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕೆಡಿಸಿದ್ದು ನನ್ನ ಬಾಯಿ. ಪ್ರಿನ್ಸಿಪಾಲರಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಎಲ್ಲರ ದನಿ ತೆಗೆಯುವ ಬಾಯಿ. ಮಿಕ್ಕದ್ದನ್ನು ನೀವು ನಂಬಬೇಕಿಲ್ಲ. ಕೇಳಿದವನು ನಾನು, ಅಷ್ಟೇ.

ತಿರುವನಂತಪುರದಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ಸೋದರಮಾವನಿಗೆ ಹೊಟ್ಟೆಯೊಳಗಿನ ಮಹಾರಕ್ತನಾಳ ಬಲೂನಿನಂತೆ ಉಬ್ಬಿತ್ತು. ಕೊಚ್ಚಿಯಲ್ಲಿ ಆಪರೇಷನ್ ಆಯಿತು. ಅಲ್ಲೇ ಕಲೂರಿನ ಹಾಸ್ಟೆಲಿನಲ್ಲಿದ್ದ ನಾನೇ ಜೊತೆಗೆ ಕೂರುವವನು.

ವಾರ್ಡಿನ ಕಟ್ಟಪ್ಪಣೆ: ಗ್ಯಾಸ್ ಹೋಗುವ ತನಕ ಹನಿ ನೀರಿಲ್ಲ. ಕರುಳು ಎಚ್ಚರಾದದ್ದಕ್ಕೆ ಅದೇ ಗುರುತು. ಮೂರನೆಯ ದಿನವೂ ಮಾವನ ಹೊಟ್ಟೆ ಮೌನ...

"ಒಂದೇ ಗುಟುಕು ಮಾರಾಯ... ನಿನ್ನ ಕಾಲು ಹಿಡೀತೇನೆ."

ಅಷ್ಟರಲ್ಲಿ ಪರದೆಯಾಚೆಯಿಂದ ನರ್ಸ್ ಚೇಚಿ, "ಅಂಕಲ್, ಗ್ಯಾಸ್ ಪೋಯೋ?" ಹೋಯಿತೋ ಎಂದು ಕೇಳಿದರು.

ತುಟಿ ಬಿಗಿಹಿಡಿದು ಬಾಯಿಂದಲೇ ನಾನೊಂದು ಹೂಸು ಬಿಟ್ಟೆ. ಉದ್ದನೆಯದು, ಕೊನೆಗೆ ಸಣ್ಣ ಸೀಟಿ ಸಮೇತ. "ಪೋಯಿ," ಎಂದರು ಮಾವ, ಹೊಲಿಗೆ ಹಿಡಿದು ನಗುತ್ತಾ. ಚೇಚಿ ಬರೆದುಕೊಂಡರು.

ನೀರು ಬಂತು. ಆಮೇಲೆ ಗಂಜಿತಿಳಿ.

ಸಂಜೆಗೆ ಹೊಟ್ಟೆ ತಮಟೆಯಂತೆ ಬಿಗಿಯಿತು. ರಾತ್ರಿ ಹಾಸಿಗೆಯಲ್ಲಿ ರಕ್ತ... ಫಿನಾಯಿಲನ್ನೂ ಮೀರಿದ ಕೊಳೆತ ವಾಸನೆ. ದೊಡ್ಡ ಕರುಳಿನ ಒಂದು ತುಂಡು ರಕ್ತವಿಲ್ಲದೆ ಸತ್ತಿತ್ತು.

"ಗ್ಯಾಸ್ ಹೋಯಿತೆಂದು ನಂಬಿ ಒಂದು ಹಗಲು ಕಳೆದೆವು," ಎಂದರು ನನ್ನ ತಪ್ಪೊಪ್ಪಿಗೆ ಕೇಳಿದ ಡಾಕ್ಟರ್. "ಉಳಿಯುತ್ತಾರೆಂದು ಹೇಳಲಾರೆ."

ಮಾವನನ್ನು ಸ್ಟ್ರೆಚರಿನಲ್ಲಿ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಖಾಲಿ ಮಂಚದ ಪಕ್ಕದಲ್ಲಿ ನಾನೊಬ್ಬನೇ. ಎಸಿಯ ಗುಂಯ್ ಬಿಟ್ಟರೆ ಸದ್ದಿಲ್ಲ.

ಆಗ... ಮಂಚದಿಂದ ಬಂತು. ಉದ್ದನೆಯದು. ಕೊನೆಗೆ ಅದೇ ಸೀಟಿ.

ಪರದೆಯಾಚೆ ಚೇಚಿಯ ಹೆಜ್ಜೆ ನಿಂತಿತು. "ಮೋನೇ, ಇಪ್ಪೋಳುಂ ತಮಾಶಯೋ? ಈಗಲೂ ತಮಾಷೆಯಾ, ನಾಚಿಕೆಯಿಲ್ಲವಾ?"

ಪರದೆ ಸರಿಸಿದರು. ನನ್ನ ಎರಡೂ ಕೈ ಬಾಯಿಯ ಮೇಲಿದ್ದವು. ಅವರು ನೋಡುತ್ತಿದ್ದಂತೆಯೇ ಇನ್ನೊಂದು ಬಂತು... ನಿಧಾನವಾಗಿ, ನನಗಿಂತ ಚೆನ್ನಾಗಿ. ಚೇಚಿ ಕೊರಳಿನ ಶಿಲುಬೆ ಹಿಡಿದು ಹಿಂದೆ ಸರಿದರು. ಬೆಳಗಿನವರೆಗೂ ಆ ಕಡೆ ಬರಲಿಲ್ಲ.

ಮಾವ ಉಳಿದರು. ಸತ್ತ ಕರುಳು ಕತ್ತರಿಸಿ, ಹೊಟ್ಟೆಗೆ ದಾರಿ ಕೊರೆದು ಮಲದ ಚೀಲ ಅಂಟಿಸಿದ್ದರು. ಆ ಸದ್ದು ತೆಗೆಯಲು ನನಗೆ ಈಗಲೂ ತುಟಿ ಬಗ್ಗುವುದಿಲ್ಲ. ಎಷ್ಟೋ ಸಲ ಯತ್ನಿಸಿದ್ದೇನೆ, ಬರೀ ಗಾಳಿ.

ಎರಡು ತಿಂಗಳ ಮೇಲೆ ತಿರುವನಂತಪುರದ ಚಾಲೈ ಪೇಟೆಯ ಹಿಂದಿನ ಅವರ ಮನೆಯಲ್ಲಿ, ತಡೆಯಲಾರದೆ ಎಲ್ಲ ಹೇಳಿ ಕೇಳಿದೆ: "ಮಾವ, ಅದು ಯಾರು?"

ಅವರು ಅಂಗಿ ಎತ್ತಿ ಹೊಟ್ಟೆಯ ಚೀಲ ಮುಟ್ಟಿ ನೋಡಿಕೊಂಡರು.

"ನಾನು ಸತ್ತಿದ್ರೆ ಬೊಜ್ಜದ ದಿನ ತಿಥಿ ಊಟಕ್ಕೆ ನನ್ನ ದನಿ ತೆಗೆದು ಎಲ್ಲರನ್ನೂ ನಗಿಸ್ತಿದ್ದಿ. ಒಮ್ಮೆ ನಿನ್ನದನ್ನು ಇನ್ನೊಬ್ಬ ತೆಗೆದ್ರೆ, ಎಂತ ಯಾರು ಅಂತ ಕೇಳ್ತಿ? ಕೈ ತೊಳೆದು ಬಾ, ಚೀಲ ತುಂಬಿದೆ."